ದಂಡಿಯೋ ಥಂಡಿಯೋ

ನನ್ನ ಮೇಜಿನ ಖಾನೆಯಲ್ಲಿ ನೆಗಡಿಯ ಚೀಟಿಗಳದ್ದೇ ಒಂದು ಕಟ್ಟು ಬಿದ್ದಿದೆ. ಬಳ್ಳಾರಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಡ್ರಿಲ್ ಟೀಚರು. ಚಳಿ ಶುರುವಾಯಿತೆಂದರೆ ಡ್ರಿಲ್ ಪೀರಿಯಡ್ಡಿಗೆ ಮಕ್ಕಳಿಗಿಂತ ಚೀಟಿಗಳೇ ಹೆಚ್ಚು ಹಾಜರಾಗುತ್ತವೆ. ‘ನಮ್ಮ ಮಗಳಿಗೆ ನೆಗಡಿಯಾಗಿರುವ ಕಾರಣ ಇವತ್ತೊಂದು ದಿವಸ ಡ್ರಿಲ್ಲಿನಿಂದ ಬಿಡುಗಡೆ ಮಾಡಬೇಕಾಗಿ ವಿನಂತಿ.’ ಸಹಿ ಅಪ್ಪನದು, ಅಕ್ಷರ ಮಗಳದು. ಒಬ್ಬಳಂತೂ ಅವಸರದಲ್ಲಿ ‘ನನಗೆ ನೆಗಡಿಯಾಗಿದೆ’ ಎಂದು ಬರೆದು ಕೆಳಗೆ ‘ಇಂತಿ ತಂದೆ’ ಎಂದು ಮುಗಿಸಿದ್ದಳು. ಅಂಥವರನ್ನೂ ನಾನು ಬೈಯುವುದಿಲ್ಲ. ಬೇವಿನ ಗಿಡದ ಕೆಳಗೆ ಕೂರಿಸಿ, ಓಡುವವರ ಚಪ್ಪಲಿ ಕಾಯಲು ಹೇಳುತ್ತೇನೆ.

ಇವತ್ತು ಬೆಳಿಗ್ಗೆ ಗಾಂಧಿನಗರದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಕ್ಯಾನ್ವಾಸ್ ಬೂಟು ಕಟ್ಟುತ್ತಿದ್ದೆ. ಒಂದು ಕಾಲಿನದು ಮುಗಿದಿತ್ತು. ಇನ್ನೊಂದು ಕೈಯಲ್ಲಿದ್ದಾಗ ಸೀನು ಬಂತು. ಅದರ ಹಿಂದೆಯೇ ಇನ್ನೆರಡು. ಗಂಟಲಲ್ಲಿ ಕೆರೆತ, ಕಣ್ಣಲ್ಲಿ ನೀರು. ಹೋಗಲೋ ಬೇಡವೋ? ಮಕ್ಕಳಾದರೆ ನನಗೆ ಚೀಟಿ ಬರೆಯುತ್ತವೆ. ಡ್ರಿಲ್ ಟೀಚರು ಯಾರಿಗೆ ಬರೆಯಬೇಕು, ನೀವೇ ಹೇಳಿ.

ಈ ಒಂದು ವಿಷಯದಲ್ಲಿ ಜಗತ್ತು ಎರಡೇ ಪಂಗಡ. ಹೊದ್ದು ಮಲಗು ಅನ್ನುವವರು, ಬೆವರು ಹರಿಸು ಅನ್ನುವವರು. ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಮೇಲಿಂದಲೇ, “ಬ್ಯಾಡ್ರಿ ಟೀಚರ್, ಗಾಳಿಗೆ ಹೋಗಬ್ಯಾಡ್ರಿ,” ಅಂದರು. ಹಾಲು ಹಾಕಲು ಬಂದವನು ಸೈಕಲ್ಲಿನಿಂದ ಇಳಿಯದೆಯೇ, “ನಾಕು ಸುತ್ತು ಓಡ್ರಿ ಅಕ್ಕಾರ, ಬೆವರಿನಾಗ ಹೋಗ್ತೈತಿ,” ಅಂದ. ಇಬ್ಬರೂ ಅಷ್ಟೇ ಖಾತ್ರಿಯಿಂದ ಹೇಳಿದರು. ಜ್ವರಕ್ಕೆ ಡಾಕ್ಟರನ್ನು ಕೇಳುತ್ತೇವೆ, ನೆಗಡಿಗೆ ಮಾತ್ರ ಪ್ರತಿಯೊಬ್ಬರೂ ಡಾಕ್ಟರೇ.

ಒಂದು ಬೂಟು ಹಾಕಿಕೊಂಡು ಹಾಗೇ ಕೂತವಳಿಗೆ ಸಿರುಗುಪ್ಪದ ಅಪ್ಪ ನೆನಪಾದ.

ಅಪ್ಪ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಹೊರಗೆ ಹೋಗುವ ಪ್ರತಿಯೊಂದು ಬಂಡಿಗೂ ಚೀಟಿ ಬರೆಯುವುದು, ಒಳಗೆ ಬರುವ ಬಂಡಿಯವರು ತಂದ ಚೀಟಿ ಓದುವುದು, ಇದು ಅವನ ಕೆಲಸ. ಚೀಟಿ ಇಲ್ಲದೆ ಗಿರಣಿಯ ಮಾಲೀಕನ ಮನೆಗೂ ಅಕ್ಕಿಯ ಚೀಲ ಬಿಟ್ಟವನಲ್ಲ. ಅವನ ಅಕ್ಷರ ದುಂಡಗೆ, ಒಂದರ ಪಕ್ಕ ಒಂದು ಕೂರಿಸಿದ ಹಾಗೆ ಇರುತ್ತಿತ್ತು. ಬರೆದದ್ದನ್ನು ಹೊಡೆದುಹಾಕುವುದೆಂದರೆ ಅವನಿಗೆ ಊಟದ ಎಲೆಯಲ್ಲಿ ಕಲ್ಲು ಸಿಕ್ಕಷ್ಟು ಕಸಿವಿಸಿ.

ನಮ್ಮ ಮನೆ ಗಿರಣಿಯ ಹಿಂದಿನ ಓಣಿಯಲ್ಲಿತ್ತು. ಭತ್ತದ ಸುಗ್ಗಿಯಲ್ಲಿ ಗಿರಣಿಯ ಹೊಟ್ಟು ಗಾಳಿಗೆ ಹಾರಿ ಇಡೀ ಓಣಿ ಸೀನುತ್ತಿತ್ತು. ಅವ್ವ ಸೀನುಗಳಲ್ಲೇ ಜಾತಿ ಮಾಡಿದ್ದಳು. ಹೊಟ್ಟಿನ ಸೀನು ಒಣಗಿದ್ದು, ನೆಗಡಿಯದು ಹಸಿ. ಒಂಟಿ ಸೀನು ಬಂದರೆ ಹೊರಟವರು ಕೂತು ನೀರು ಕುಡಿದು ಹೋಗಬೇಕು. ಜೋಡಿ ಸೀನಾದರೆ ಅಡ್ಡಿಯಿಲ್ಲ. ಹೀಗಾಗಿ ನಮ್ಮ ಓಣಿಯ ಮಕ್ಕಳೆಲ್ಲ ಒಂದು ಸೀನು ಬಂದ ಕೂಡಲೇ ಇನ್ನೊಂದನ್ನು ಸುಳ್ಳೇ ಜೋಡಿಸುವುದನ್ನು ಕಲಿತಿದ್ದೆವು. ನನಗೆ ಗೊತ್ತಿರುವ ಮೊದಲನೆಯ ಕಸರತ್ತು ಅದೇ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿದ್ದೆ. ಓಟದಲ್ಲಿ ನಮ್ಮ ಶಾಲೆಗೆ ನಾನೇ ಮುಂದು. ಡ್ರಿಲ್ ಟೀಚರ ತರಬೇತಿಗೆ ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಾರೆಂದು ತಿಳಿದು, ಅಪ್ಪನನ್ನು ಕೇಳದೆಯೇ ಅರ್ಜಿ ಹಾಕಿಬಿಟ್ಟಿದ್ದೆ. ಬಳ್ಳಾರಿಯ ಮೈದಾನದಲ್ಲಿ ಸೋಮವಾರ ಓಟದ ಪರೀಕ್ಷೆ ಎಂದು ಕಾರ್ಡು ಬಂದಾಗ ಮನೆಯಲ್ಲಿ ಗದ್ದಲವಾಯಿತು. ಅತ್ತ ನಮ್ಮ ಸೋದರಮಾವ ಬಾದನಹಟ್ಟಿಯ ಒಂದು ಸಂಬಂಧ ಹಿಡಿದು ಕೂತಿದ್ದ. ಈ ವರ್ಷ ತರಬೇತಿಗೆ ಹೋಗದಿದ್ದರೆ ಬರುವ ವರ್ಷ ನನ್ನ ಕೈಯಲ್ಲಿ ಇರುವುದು ಓಟದ ಕಾರ್ಡಲ್ಲ, ಲಗ್ನಪತ್ರಿಕೆ.

ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಇಲ್ಲ ಅನ್ನಲು ಬಾಯಿ ಬಾರದವರು ಷರತ್ತು ಹಾಕುತ್ತಾರೆ. “ಹೋಗಾಕ ನಂದೇನು ತಕರಾರಿಲ್ಲ,” ಅಂದ. “ಆದ್ರ ಮೈಯಾಗ ಇಷ್ಟು ಹುಷಾರಿಲ್ಲ ಅಂದ್ರೂ ನಾ ಕಳಸಂಗಿಲ್ಲ ನೋಡು.” ಹೆಬ್ಬೆರಳಿನಿಂದ ಕಿರುಬೆರಳಿನ ತುದಿ ತೋರಿಸಿದ. ನನಗೆ ಹಿಗ್ಗೋ ಹಿಗ್ಗು. ಹುಟ್ಟಿದಾಗಿನಿಂದ ಕಾಯಿಲೆ ಬಿದ್ದವಳಲ್ಲ ನಾನು.

ಮಂಗಳವಾರ ಹಾಗೆ ಹಿಗ್ಗಿದವಳಿಗೆ ಬುಧವಾರ ಬೆಳಿಗ್ಗೆ ಮೂಗು ಕಟ್ಟಿತು.

ನೆಗಡಿ ಮುಚ್ಚಿಡುವುದು ಎಷ್ಟು ಕಷ್ಟವೆಂದು ಮುಚ್ಚಿಟ್ಟವರಿಗೇ ಗೊತ್ತು. ಸೀನನ್ನು ಹೇಗೋ ಗಿರಣಿಯ ಹೊಟ್ಟಿನ ಮೇಲೆ ಹಾಕಿದೆ. ಮಾತಿನದೇ ಪೇಚಾಟ. ಮೂಗು ಕಟ್ಟಿದರೆ ‘ಮ’ ಹೋಗಿ ‘ಬ’ ಆಗುತ್ತದೆ, ‘ನ’ ಹೋಗಿ ‘ದ’ ಆಗುತ್ತದೆ. ‘ಮನಿ’ ಅಂದರೆ ‘ಬದಿ’ ಅಂತ ಕೇಳಿಸುತ್ತದೆ. ಆದ್ದರಿಂದ ಆ ಎರಡು ಅಕ್ಷರಗಳಿಲ್ಲದ ಮಾತನ್ನೇ ಆಡುವುದೆಂದು ಠರಾವು ಮಾಡಿದೆ. ಅಪ್ಪ, ಅವ್ವ ಎಂದು ಕರೆಯಲು ತೊಂದರೆಯಿಲ್ಲ. ಹೌದು, ಇಲ್ಲ, ಬ್ಯಾಡ, ಇವೂ ನಡೆಯುತ್ತವೆ. ಅವ್ವ ಊಟಕ್ಕೆ ಏನು ಹಾಕಲಿ ಎಂದರೆ “ರೊಟ್ಟಿ, ಪಲ್ಯ” ಅಂತ ಧೈರ್ಯವಾಗಿ ಹೇಳಬಹುದು. ಅನ್ನ, ಮೊಸರು, ಮಜ್ಜಿಗಿ, ಉಪ್ಪಿನಕಾಯಿ ಕೇಳುವ ಹಾಗಿಲ್ಲ. ಅನ್ನವಿಲ್ಲದೆ ಎರಡು ಹೊತ್ತು ಕಳೆದೆ. “ಇಕಿಗೆ ಏನಾಗೇತಿ, ಬರೇ ರೊಟ್ಟಿ ತಿನ್ನಾಕ ಹತ್ಯಾಳ,” ಎಂದು ಅವ್ವ ಗೊಣಗಿದಳು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಸುಮ್ಮನೆ ಕೇಳಿದ, “ಅರ್ಜಿಯಾಗ ನಿನ್ನ ಹೆಸರು ಹ್ಯಾಂಗ ಬರದಿದ್ದಿ? ಪೂರ್ತಿ ಹೇಳು.”

ನನ್ನ ಹೆಸರು ನೀಲಮ್ಮ. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. “ದೀಲಬ್ಬ,” ಅಂದೆ.

ಅವ್ವನ ಕೈಯಲ್ಲಿದ್ದ ಸೌಟು ನಿಂತಿತು. ಅಪ್ಪ ನನ್ನ ಮುಖ ನೋಡಿದ. ‘ನೆಗಡಿಯಂಥಾ ರೋಗವಿಲ್ಲ, ಬುಗುಡಿಯಂಥಾ ಒಡವೆಯಿಲ್ಲ’ ಎಂದು ಅವ್ವ ಗಾದೆ ಹೇಳಿ, ಕರಿಮೆಣಸು ಕುಟ್ಟಲು ಎದ್ದಳು. ನಾನು ಅತ್ತುಬಿಟ್ಟೆ. ಅಳುವಾಗ ಮೂಗು ಇನ್ನಷ್ಟು ಕಟ್ಟಿತು. ಬಳ್ಳಾರಿ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮರುದಿನ ಅಪ್ಪ ನನ್ನನ್ನು ದವಾಖಾನೆಗೆ ಕರೆದುಕೊಂಡು ಹೋದ. ಡಾಕ್ಟರು ನಾಲಗೆ ನೋಡಿ, ಬೆನ್ನಿಗೆ ಕೊಳವೆ ಹಚ್ಚಿ, ಕಾಂಪೌಂಡರಿಗೆ ಏನೋ ಹೇಳಿ ಒಳಗೆ ಹೋದರು. ಕಾಂಪೌಂಡರ್ ಸುಬ್ಬಯ್ಯ ಆದವಾನಿಯ ಕಡೆಯವರು. ಮನೆಮಾತು ತೆಲುಗು, ಕನ್ನಡ ಕಲಿತದ್ದು ಔಷಧದ ಬಾಟಲಿಗಳ ಮೇಲೆ. “ಏಮಮ್ಮಾ, ಜಲುಬಾ?” ಎಂದು ನೆಗಡಿಯನ್ನು ತೆಲುಗಿನಲ್ಲೇ ವಿಚಾರಿಸಿ, ನೀಲಗಿರಿ ಎಣ್ಣೆಯ ಸಣ್ಣ ಬಾಟಲಿ ಕಟ್ಟಿ, ಜೊತೆಗೊಂದು ಚೀಟಿ ಬರೆದು ಅಪ್ಪನ ಕೈಗಿತ್ತರು.

ಈಗ ಸ್ವಲ್ಪ ಅಕ್ಷರಾಭ್ಯಾಸ ಮಾಡಬೇಕು. ನಮ್ಮ ‘ದ’ಕ್ಕೆ ಹೊಟ್ಟೆಯಲ್ಲೊಂದು ಚುಕ್ಕಿ ಇಟ್ಟು ಕೆಳಗೆ ಸೀಳು ಕೊಟ್ಟರೆ ‘ಥ’ ಆಗುತ್ತದೆ. ಸುಬ್ಬಯ್ಯನವರು ಚುಕ್ಕಿಯನ್ನೂ ಇಡುತ್ತಿರಲಿಲ್ಲ, ಸೀಳನ್ನೂ ಕೊಡುತ್ತಿರಲಿಲ್ಲ. ಅವರ ಕಪಾಟಿನ ಒಂದು ಡಬ್ಬಿಯ ಮೇಲೆ ‘ದರ್ಮಾಮೀಟರ್’ ಎಂದೇ ಬರೆದಿತ್ತು. ಓದುವವರಿಗೆ ತಿಳಿಯುತ್ತದಲ್ಲ, ಬರೆಯುವವರು ಯಾಕೆ ದಣಿಯಬೇಕು ಎಂಬುದು ಅವರ ಮತ.

ಮನೆಗೆ ಬಂದ ಮೇಲೆ ಅವ್ವ ಕೇಳಿದಳು, “ಏನಂತ ಬರದಾರ?”

ಅಪ್ಪ ಕನ್ನಡಕ ಹಾಕಿಕೊಂಡು ಚೀಟಿಯನ್ನು ಬೆಳಕಿಗೆ ಹಿಡಿದ. ಒಮ್ಮೆ ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಗಟ್ಟಿಯಾಗಿ, “ದಂಡಿ ತೆಗಿಯಾಕ. ಮುಂಜಾನಿ ಹತ್ತು, ಸಂಜಿಗೆ ಹತ್ತು,” ಅಂದ.

ನಮ್ಮ ಕಡೆ ದಂಡ ಹೊಡೆಯುವುದಕ್ಕೆ ದಂಡಿ ತೆಗೆಯುವುದು ಅಂತಲೂ ಅನ್ನುತ್ತಾರೆ, ಆಂಧ್ರದ ಗಾಳಿ. ಗರಡಿಮನೆಯ ಪೈಲವಾನರು ನೆಲಕ್ಕೆ ಕೈಯೂರಿ ಎದೆ ತಗ್ಗಿಸಿ ಏಳುತ್ತಾರಲ್ಲ, ಅದು.

“ದಂಡಿ?” ಅಂದಳು ಅವ್ವ. “ಮದಿವಿ ಮಾಡೋ ಹುಡುಗಿಗೆ ದಂಡಿ?”

“ನಾ ಹೇಳಿದ್ದಲ್ಲ. ದವಾಖಾನಿ ಚೀಟಿ ಐತಿ.”

“ಮತ್ತ ಈ ಎಣ್ಣಿ?”

“ಮೈಗೆ ಹಚ್ಚಿಗೊಳ್ಳಾಕ. ಗರಡಿಯಾಗ ಎಣ್ಣಿ ಹಚ್ಚದ ಯಾರು ತಗೀತಾರ?”

ನಾನು ಆಗಲೇ ಚೀಟಿಯನ್ನು ಓರೆಗಣ್ಣಿನಿಂದ ನೋಡಿದ್ದೆ. ಹತ್ತು ಅಂದರೆ ಹತ್ತು ಹನಿ, ಕುದಿವ ನೀರಿಗೆ ಹಾಕಿ ಹಬೆ ಹಿಡಿಯಲು. ದಂಡಿ ಅಂದರೆ ಥಂಡಿ. ಹೇಳಿಬಿಡಬಹುದಿತ್ತು. ಆದರೆ ಹೇಳಿದರೆ ನಾನು ಕಾಯಿಲೆಯವಳು, ಚಾಪೆಯೇ ಗತಿ. ಹೇಳದಿದ್ದರೆ ಕಸರತ್ತಿನವಳು, ಬಳ್ಳಾರಿಯ ಆಸೆ ಇನ್ನೂ ಜೀವಂತ. ನಾನು ಮೂಗು ಒರೆಸಿಕೊಂಡು ಸುಮ್ಮನಾದೆ. ಚೀಟಿಯನ್ನೇ ದೇವರೆಂದು ನಂಬಿದ ಅಪ್ಪನಿಗೆ ಹೀಗೆ ಮಾಡಿದೆನಲ್ಲ ಎಂದು ಒಳಗೊಳಗೆ ಚುಚ್ಚುತ್ತಲೂ ಇತ್ತು.

ಸಂಜೆ ಅಪ್ಪ ಗಿರಣಿಯಿಂದ ಬೇಗ ಬಂದ. ತಲಬಾಗಿಲಿಗೆ ಅಗಳಿ ಹಾಕಿ, ಪಡಸಾಲೆಯಲ್ಲಿ ಚಾಪೆ ಹಾಸಿದ. ಲಂಗ ಉಟ್ಟು ದಂಡಿ ತೆಗೆಯುವುದು ಆಗದ ಮಾತು ಎಂದು ಅವ್ವನೇ ಟ್ರಂಕಿನಿಂದ ಅಪ್ಪನ ಹಳೆಯ ಪೈಜಾಮ ತೆಗೆದುಕೊಟ್ಟಳು. “ಹುಚ್ಚರ ಸಂತಿ ಆತು ಮನಿ,” ಅನ್ನುತ್ತಲೇ ನನ್ನ ಭುಜಕ್ಕೆ ನೀಲಗಿರಿ ಎಣ್ಣೆ ತಿಕ್ಕಿದಳು. ನಾನು ಕೈಯೂರಿ ಇಳಿದೆ, ಏಳಲಾಗಲಿಲ್ಲ. ಚಾಪೆಗೆ ಮೂಗು ಹಚ್ಚಿಕೊಂಡು ಬಿದ್ದೆ.

“ಹಂಗಲ್ಲ,” ಅಂದ ಅಪ್ಪ. ಅಂಗಿ ಕಳಚಿ ಗೂಟಕ್ಕೆ ಹಾಕಿ, ಧೋತರದ ಕಚ್ಚೆ ಬಿಗಿದ. ಎರಡೂ ಕೈ ನೆಲಕ್ಕೂರಿ, ಸೊಂಟ ಎತ್ತಿ, ಎದೆಯನ್ನು ಚಾಪೆಯ ಗುಂಟ ಸವರಿಕೊಂಡು ಹೋಗಿ ತಲೆಯೆತ್ತಿದ. ಮತ್ತೆ ಹಿಂದಕ್ಕೆ. ಒಂದಲ್ಲ, ಎರಡಲ್ಲ, ಹನ್ನೊಂದು. ದಿನವಿಡೀ ಕೂತು ಚೀಟಿ ಬರೆಯುವ ಮನುಷ್ಯನ ತೋಳಲ್ಲಿ ಅಷ್ಟು ಕಸುವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವ್ವನಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಸೆರಗು ಬಾಯಿಗೆ ಹಿಡಿದು ಬಾಗಿಲಲ್ಲಿ ನಿಂತವಳು ನಗುತ್ತಿದ್ದಳೋ ನಾಚುತ್ತಿದ್ದಳೋ ತಿಳಿಯಲಿಲ್ಲ. ನನಗಂತೂ ಅಪ್ಪನನ್ನು ಆ ಹೊತ್ತಿನಷ್ಟು ಯಾವತ್ತೂ ಪ್ರೀತಿಸಿದ ನೆನಪಿಲ್ಲ.

ಆಮೇಲೆ ಅವನು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಎಣಿಸಿದ. ಗುರುವಾರ ಸಂಜೆ ಮೂರು. ಶುಕ್ರವಾರ ಬೆಳಿಗ್ಗೆ ಐದು, ಸಂಜೆ ಏಳು. “ಉಸುರು ಬಿಡು ಇಳಿಯೋವಾಗ. ಮೂಗು ಕಟ್ಟಿದ್ರ ಬಾಯಿಲೆ ಬಿಡು.” ಪ್ರತಿಸಲ ಮುಗಿದ ಮೇಲೆ, ಬೆವರು ಮೈಮೇಲೆ ಆರಬಾರದೆಂದು ಒರೆಸಿಸಿ, ಬಿಸಿನೀರಿನ ಗಡಿಗೆ ತಂದು ಮುಂದಿಟ್ಟು, ಕಂಬಳಿ ಹೊದಿಸಿ ಹಬೆ ಹಿಡಿಸಿದ. ಗರಡಿಯಲ್ಲಿ ಇದೂ ಒಂದು ಪದ್ಧತಿ ಇರಬೇಕು ಅಂದುಕೊಂಡೆ. ಮೂಗು ಸಡಿಲವಾಯಿತು. ಹಾಲು ಮಾರುವವನ ಪಂಗಡವೇ ಸರಿ ಎಂದು ಇವತ್ತು ನಾನು ಬರೆದುಬಿಡುತ್ತಿದ್ದೆ, ಶನಿವಾರ ಬರದೆ ಇದ್ದಿದ್ದರೆ.

ಶನಿವಾರ ಬೆಳಿಗ್ಗೆ ಏಳುವಾಗ ಮೈ ಕಾದಿತ್ತು. ಕೆಮ್ಮಿದರೆ ಎದೆಯ ನಡುವೆ ನೋವು. ನೋವಿಗಿಂತ ಹೆಚ್ಚಾಗಿ ಹೆದರಿಕೆ. ಕಾಯಿಲೆಯನ್ನೂ ಮುಚ್ಚಿಟ್ಟೆ, ಚೀಟಿಯ ತಪ್ಪನ್ನೂ ಮುಚ್ಚಿಟ್ಟೆ, ಈಗ ದೇವರು ಎರಡಕ್ಕೂ ಸೇರಿಸಿ ಕೊಟ್ಟ ಎನಿಸಿತು. ಅಪ್ಪ ಚಾಪೆ ಹಾಸಿ ಕರೆದಾಗ ಹೋಗಿ ಅವನ ಮುಂದೆ ನಿಂತೆ.

“ಅಪ್ಪಾ, ಅದು ದಂಡಿ ಅಲ್ಲ, ಥಂಡಿ.”

ಹೇಳಿದ್ದೇನೋ ಹಾಗೆ. ಕಟ್ಟಿದ ಮೂಗು, ಹೆದರಿಕೆಯ ತೊದಲು ಸೇರಿ ಎರಡೂ ಒಂದೇ ಆಗಿ, “ಅದು ದಡ್ಡಿ ಅಲ್ಲ, ದಡ್ಡಿ,” ಅಂತ ಹೊರಬಿತ್ತು. ಅಪ್ಪನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ನನ್ನ ಹಣೆ ಮುಟ್ಟಿದ, ಆಮೇಲೆ ಬೆನ್ನಿಗೆ ಕಿವಿ ಹಚ್ಚಿ ಕೆಮ್ಮು ಅಂದ. ಕೆಮ್ಮಿದೆ. ಅವನ ನಗು ಹೋಯಿತು.

“ಚೀಟಿಯಾಗ ಏನೈತಿ ಅಂತ ನನಗೂ ಗೊತ್ತೈತಿ,” ಅಂದ. “ಇಪ್ಪತ್ತು ವರ್ಷ ಆತು ಬಂಡಿಯವ್ರ ಚೀಟಿ ಓದಾಕ ಹತ್ತಿ. ಚುಕ್ಕಿ ಇಟ್ಟು ಬರಿಯಾವ ಒಬ್ಬನ್ನೂ ಕಂಡಿಲ್ಲ.”

“ಮತ್ತ ದಂಡಿ ಅಂದಿ?”

ಅಪ್ಪ ಚಾಪೆಯ ಎಳೆ ಕಿತ್ತ. “ನಿಮ್ಮವ್ವ ಕೇಳಿದ್ಲು, ಬಾಯಾಗ ಹಂಗ ಬಂತು. ಬಂದಮ್ಯಾಲ ವಾಪಸ್ ತಗೊಳ್ಳಾಕ ಮನಸಾಗಲಿಲ್ಲ.”

ಗಡಿಗೆಗೆ ಎಣ್ಣೆ ಹಾಕುವಾಗ ಅವನ ತುಟಿ ಅಲುಗುತ್ತಿದ್ದದ್ದು ನನಗೆ ಆಗ ನೆನಪಾಯಿತು. ಜಪ ಮಾಡುತ್ತಾನೆ ಅಂದುಕೊಂಡಿದ್ದೆ. ಹನಿ ಎಣಿಸುತ್ತಿದ್ದ.

“ಮೂಗಿನಾಗ ಇದ್ರ ಸಾಮು, ಎದಿಗೆ ಇಳಿದ್ರ ಚಾಪಿ. ನಮ್ಮ ವಸ್ತಾದ ಹೇಳತಿದ್ದ,” ಅಂದ ಅಪ್ಪ. “ಇವತ್ತು ಎದಿಗೆ ಇಳಿದೈತಿ. ಮಲಕ್ಕೋ. ಸೋಮವಾರದ ಮಾತು ಸೋಮವಾರಕ್ಕ.”

ಕಸರತ್ತಿಗೆ ಸಾಮು, ಗರಡಿಯ ಗುರುವಿಗೆ ವಸ್ತಾದ ಎಂದು ನಮ್ಮ ಕಡೆ ಅನ್ನುತ್ತಾರೆ. ಆ ವಸ್ತಾದ ಯಾವ ಪುಸ್ತಕ ಓದಿದ್ದನೋ ಗೊತ್ತಿಲ್ಲ. ಆದರೆ ನನ್ನ ನೌಕರಿಯಲ್ಲಿ ಇದಕ್ಕಿಂತ ಒಳ್ಳೆಯ ಮಾತು ಯಾರೂ ನನಗೆ ಹೇಳಿಕೊಟ್ಟಿಲ್ಲ. ಮೂಗು, ಗಂಟಲು ಇಷ್ಟರಲ್ಲೇ ಇದ್ದರೆ ಸಣ್ಣಗೆ ಕೈಕಾಲು ಆಡಿಸಿದರೆ ನಡೆದೀತು. ಎದೆ, ಜ್ವರ, ಮೈಕೈ ನೋವು ಅಂದರೆ ಶೂರತನ ಬೇಡ. ಇವತ್ತು ಬೆಳಿಗ್ಗೆ ಕೂಡ ಎರಡು ಸಲ ಬೇಕೆಂದೇ ಕೆಮ್ಮಿ, ಎದೆಯಲ್ಲಿ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಇನ್ನೊಂದು ಬೂಟನ್ನೂ ಕಟ್ಟಿ ಶಾಲೆಗೆ ಹೋಗಿಬಂದೆ. ಓಡಲಿಲ್ಲ, ಸೀಟಿ ಊದಿದೆ ಅಷ್ಟೆ.

ಆಗ ಶನಿವಾರ, ಭಾನುವಾರ ಎರಡೂ ದಿನ ಮಲಗಿದೆ. ಅವ್ವನ ಕಷಾಯ, ಡಾಕ್ಟರ ಗುಳಿಗೆ, ಅಪ್ಪನ ಹಬೆ. ಭಾನುವಾರ ಸಂಜೆಗೆ ಜ್ವರ ಬಿಟ್ಟಿತು. ಸೋಮವಾರ ಬೆಳಿಗ್ಗೆ ಅಪ್ಪ ಬೆನ್ನಿಗೆ ಕಿವಿ ಹಚ್ಚಿ ಕೇಳಿದ, ಹೋಗಿ ಕೋಟು ಹಾಕಿಕೊಂಡ. ಮೂಗು ಮಾತ್ರ ಇನ್ನೂ ಸುರಿಯುತ್ತಿತ್ತು.

ಬಸ್ಸು ಕುರುಗೋಡಿನ ಮೇಲೆ ಹೋಯಿತು. ಅದು ಅಪ್ಪ ಹುಟ್ಟಿ ಬೆಳೆದ ಊರು. ಬಂಡೆಗಳ ಗುಡ್ಡ ಕಂಡಾಗ ಅಪ್ಪ ಕಿಟಕಿಯ ಕಡೆ ತಿರುಗಿ, “ಅದರ ಬುಡಕ್ಕ ಇತ್ತು ನಮ್ಮ ಗರಡಿ,” ಅಂದ. “ಹದಿನೆಂಟು ನನಗ. ಮೊದಲನೇ ಕುಸ್ತಿ ಗೊತ್ತು ಮಾಡಿದ್ರು. ಹಿಂದಿನ ದಿನ ಸೀನಿದೆ. ನಮ್ಮವ್ವ ಲಂಗೋಟಿ ಮುಚ್ಚಿಟ್ಲು. ಮುಂದಿನ ಸಲ ಆಡಿದ್ರಾತು ಅಂದ್ಲು. ನಾನೂ ಹೂಂ ಅಂದೆ. ಮುಂದಿನ ಸಲ ಅನ್ನೋದರಾಗ ಗಿರಣಿ ಕೆಲಸ ಬಂತು, ಮದಿವಿ ಬಂತು.” ಮಾತು ನಿಲ್ಲಿಸಿ ನಕ್ಕ. “ಬರೇ ಮೂಗಿನಾಗ ಇತ್ತು ನೋಡು, ಆ ನೆಗಡಿ. ಎದಿಗೇನು ಇಳಿದಿರಲಿಲ್ಲ.”

ಕರ್ಚೀಫಿನಿಂದ ಮೂಗು ಒರೆಸಿಕೊಂಡೆ. ಆ ಹೊತ್ತಿಗೆ ನೆಗಡಿ ಇದ್ದದ್ದು ಒಳ್ಳೆಯದೇ ಆಯಿತು, ಕಣ್ಣೀರಿನ ಲೆಕ್ಕ ಕೊಡಬೇಕಾಗಲಿಲ್ಲ.

ಬಳ್ಳಾರಿಯ ಮೈದಾನದಲ್ಲಿ ಮೂವತ್ತು ಹುಡುಗಿಯರಿದ್ದರು. ಬೇಲಿಯ ಆಚೆ ಜನ ನಿಂತು ನೋಡುತ್ತಿದ್ದರು. ನನ್ನನ್ನು ಕಳಿಸಲು ಅಪ್ಪ ಹೆದರಿದ್ದು ಅದಕ್ಕೇ ಎಂದು ನನಗೆ ಗೊತ್ತಿತ್ತು. ಮೇಜಿನ ಹಿಂದೆ ಕೂತು ಹೆಸರು ಕೂಗುತ್ತಿದ್ದ ಅಧಿಕಾರಿಣಿ ಮೈಸೂರಿನ ಕಡೆಯವರು, ಕೊರಳಲ್ಲಿ ಸೀಟಿ. ನನ್ನ ಸರದಿ ಬಂತು. ಹೆಸರು ಕೇಳಿದರು. ಎಷ್ಟು ಹುಷಾರಾಗಿ ಹೇಳಿದರೂ ಮತ್ತೆ ಅದೇ ದೀಲಬ್ಬ, ಮೇಲೊಂದು ಸೀನು. ಜೋಡಿ ಮಾಡಲೂ ನೆನಪಾಗಲಿಲ್ಲ.

“ನೆಗಡಿ ಜೋರಾಗಿದೆಯಲ್ಲಮ್ಮ,” ಅಂದವರು ಅಪ್ಪನ ಕಡೆ ತಿರುಗಿದರು. “ಓಡುವಾಗ ಏನಾದರೂ ಆದರೆ ನಾವು ಜವಾಬ್ದಾರರಾಗ್ತೀವಿ. ಮುಂದಿನ ವರ್ಷ ಕರೆದುಕೊಂಡು ಬನ್ನಿ, ಚಿಕ್ಕ ಹುಡುಗಿ.”

ಅಪ್ಪ ಅನ್ನಲಾರದ ಮಾತನ್ನು ಬೇರೆಯವರೇ ಅಂದಿದ್ದರು. ಷರತ್ತು ಅವನದೇ, ಕಾರಣ ಸರ್ಕಾರದ್ದು. ಅವನು ಆಗಲಿ ಎಂದು ತಲೆಯಾಡಿಸಿದರೆ ಸಾಕಿತ್ತು, ಮಧ್ಯಾಹ್ನದ ಬಸ್ಸಿಗೆ ವಾಪಸ್ಸು, ಸಂಜೆಗೆ ಸೋದರಮಾವ. ನಾನು ಅವನ ಮುಖ ನೋಡಲಾರದೆ ನೆಲ ನೋಡಿದೆ.

“ನೆಗಡಿ ಮೂಗಿನಾಗ ಐತ್ರಿ,” ಅಂದ ಅಪ್ಪ. “ಎದಿಗೆ ಇಳಿದಿಲ್ಲ. ಮುಂಜಾನಿ ನಾನ ಕೇಳೀನಿ. ಓಡಸ್ರಿ.”

“ಹಾಗಂತ ಬರೆದುಕೊಡ್ತೀರಾ?”

“ಕೊಡ್ತೀನ್ರಿ.”

ಒಂದು ಹಾಳೆ ಕೊಟ್ಟರು. ಅಪ್ಪ ಜೇಬಿನಿಂದ ಪೆನ್ನು ತೆಗೆದು, ಮೇಜಿನ ಮೂಲೆಗೆ ಬಗ್ಗಿ, ಗಿರಣಿಯ ಚೀಟಿ ಬರೆಯುವಷ್ಟೇ ನಿಧಾನವಾಗಿ ಬರೆದ. ‘ನನ್ನ ಮಗಳು ನೀಲಮ್ಮಳಿಗೆ ನೆಗಡಿ ಇದೆ. ಎದೆ ಸಾಫಿದೆ. ಓಡಲು ಅಡ್ಡಿ ಇಲ್ಲ. ಏನೇ ಆದರೂ ಜವಾಬ್ದಾರಿ ನನ್ನದು.’ ಸಹಿ ಮಾಡಿದ. ಸಹಿಯ ಕೆಳಗೆ ‘ತಂದೆ’ ಎಂದು ಬರೆದ. ಪೆನ್ನಿನ ಟೊಪ್ಪಿಗೆ ಹಾಕಲು ಹೋದವನು ತಡೆದು ಮತ್ತೆ ಬಗ್ಗಿದ. ಅದರ ಪಕ್ಕಕ್ಕೆ ‘ಮತ್ತು ವಸ್ತಾದ’ ಎಂದು ಸೇರಿಸಿ ಹಾಳೆಯನ್ನು ಮುಂದಕ್ಕೆ ಸರಿಸಿದ.

ಅವರು ಓದಿದರು. ಮೈಸೂರಿನವರಿಗೆ ಆ ಮಾತು ಗೊತ್ತಿರಲಿಲ್ಲ. “ವಸ್ತಾದ ಅಂದರೆ?” ಎಂದು ಕೇಳಿದರು.

ಅಪ್ಪ ಬೇಲಿಯ ಜನರ ಕಡೆ ಒಮ್ಮೆ ನೋಡಿದ. ಆಮೇಲೆ ನನ್ನ ಕಡೆ ನೋಡಿದ.

“ಕಲಿಸಿದಾವ ಅಂತ್ರಿ,” ಅಂದ.

ನಾನು ಹೋಗಿ ಸುಣ್ಣದ ಗೆರೆಯ ಮೇಲೆ ನಿಂತೆ.